ಏಣಿ ಮೇಲೆಳೆದುಕೊಂಡ ಮಧ್ಯಾಹ್ನ

ನಾನು ಶೀಟ್ ಹೊಡೆಯುವವಳು. ಹೆಸರು ಭಾನುಪ್ರಿಯ. ಚನ್ನಪಟ್ಟಣ ತಾಲ್ಲೂಕು ಬೈರಾಪಟ್ಟಣದ ಕಾಲೋನಿಯವಳು. ತಾರಸಿ ಮನೆಗಳ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಅಡ್ಡಕ್ಕೆ ಪೈಪು ಕೂರಿಸಿ, ಬಣ್ಣದ ಶೀಟು ಹೊದಿಸಿ ಸ್ಕ್ರೂ ಹೊಡೆಯುವುದು ನಮ್ಮ ಕೆಲಸ. ಬಿಸಿಲು ಶೀಟಿಗೆ ಬೀಳುತ್ತೆ, ತಾರಸಿಗೆ ಬೀಳಲ್ಲ. ಎರಡರ ನಡುವೆ ಗಾಳಿ ಓಡಾಡುತ್ತೆ. ಕೆಳಗಿನ ಮನೆ ತಣ್ಣಗಿರುತ್ತೆ. ಇದರಲ್ಲಿ ದೊಡ್ಡ ಗುಟ್ಟೇನಿಲ್ಲ.

ನಮ್ಮ ಮನೆಗೂ ಶೀಟೇ. ಆದರೆ ಕೆಳಗೆ ತಾರಸಿ ಇಲ್ಲ. ಗೋಡೆ ಮೇಲೆ ನೇರ ಒಂದೇ ಒಂದು ತಗಡು. ಮಧ್ಯಾಹ್ನ ಒಳಗೆ ಕೂತರೆ ರೊಟ್ಟಿ ಹೆಂಚಿನ ಕೆಳಗೆ ಕೂತ ಹಾಗೆ. ಊರವರ ಮನೆ ತಂಪು ಮಾಡಿ ಬಂದು ನಾವು ಬೇಯುತ್ತಾ ಮಲಗುತ್ತೇವೆ. ಅದರ ಬಗ್ಗೆ ಇನ್ನೊಂದು ದಿನ ಜಗಳ ತೆಗೆಯುತ್ತೇನೆ. ಇವತ್ತು ಹೇಳುವುದು ಬೇರೆ ಜಗಳ.

ಅಪ್ಪ ಕೆಂಪಯ್ಯ ಸಿಮೆಂಟ್ ಶೀಟಿನ ಕಾಲದಿಂದ ಈ ಕೆಲಸದಲ್ಲಿದ್ದಾನೆ. ವಯಸ್ಸು ಐವತ್ತೆಂಟು. ನಾನು ಸೇರಿಕೊಂಡು ನಾಲ್ಕು ವರ್ಷ. ಅದಕ್ಕೆ ಮುಂಚೆ ಗಾರ್ಮೆಂಟ್ಸಿನಲ್ಲಿದ್ದೆ. ಅಲ್ಲಿ ಬಾತ್‌ರೂಮಿಗೆ ಹೋಗಬೇಕಾದರೂ ಸೂಪರ್‌ವೈಸರ್ ನೋಡುವ ತನಕ ಕೈ ಎತ್ತಿಕೊಂಡು ಕೂತಿರಬೇಕು. ಒಂದು ದಿನ ನಾನು ಕೈ ಎತ್ತಲಿಲ್ಲ. ಸುಮ್ಮನೆ ಎದ್ದು ಹೋದೆ. ಹೋದವಳು ವಾಪಸ್ ಬರಲೂ ಇಲ್ಲ. ಮಾರನೇ ದಿನ ಅಪ್ಪನ ಜೊತೆ ರಾಮನಗರದ ಒಂದು ಮನೆಯ ತಾರಸಿ ಮೇಲಿದ್ದೆ. ಅಲ್ಲಿಂದ ಬೆಟ್ಟದ ಬಂಡೆಗಳೆಲ್ಲ ಕಾಣುತ್ತಿದ್ದವು. ನನ್ನ ಹಿಂದೆ ಯಾರೂ ನಿಂತಿರಲಿಲ್ಲ. ಇದೇ ನನ್ನ ಕೆಲಸ ಅಂದುಕೊಂಡೆ.

ನಮ್ಮ ಜೊತೆ ಇರುವ ಮೂರನೆಯವನು ಆಫ್ತಾಬ್. ಚನ್ನಪಟ್ಟಣದ ವೆಲ್ಡರ್. ಅವನ ತಾತ ಬೊಂಬೆ ಮಾಡುತ್ತಿದ್ದ. ಅವನಪ್ಪ ಬೊಂಬೆಗೆ ಅರಗಿನ ಬಣ್ಣ ಹಚ್ಚುತ್ತಿದ್ದ. ಇವನು ಕಬ್ಬಿಣಕ್ಕೆ ಬೆಂಕಿ ಹಚ್ಚುತ್ತಾನೆ. ಅಪ್ಪನಿಗೆ ಚಾಚಾ ಅನ್ನುತ್ತಾನೆ. ನನಗೆ ಬೈಯುತ್ತಾನೆ, ನಾನೂ ಬೈಯುತ್ತೇನೆ. ಕೆಲಸ ಚೆನ್ನಾಗಿ ನಡೆಯುತ್ತೆ.

ಈ ಏಪ್ರಿಲ್‌ನಲ್ಲಿ ನಮಗೊಂದು ಕೆಲಸ ಬಂತು. ಮಾಗಡಿ ಕಡೆ ಒಂದು ಊರು. ಹೆಸರು ಹೇಳಲ್ಲ. ಹೇಳಿದರೆ ಆ ಒಂದೂರಿನವರು ಮಾತ್ರ ಹಿಂಗೆ ಅಂದುಕೊಂಡು ಮಿಕ್ಕ ಊರಿನವರು ಆರಾಮಾಗಿ ಓದಿಬಿಡುತ್ತಾರೆ.

ಮನೆ ಯಜಮಾನ ಅನಂತರಾಜು. ರಾಗಿ ಹೊಲ, ಹಿಪ್ಪುನೇರಳೆ ತೋಟ, ಎರಡು ಬೋರು ಇರುವವನು. ಮನೆ ಒಂದೇ ಅಂತಸ್ತು, ಆದರೆ ಎತ್ತರದ ಜಗಲಿ ಮೇಲೆ ಕಟ್ಟಿದ ದೊಡ್ಡ ತಾರಸಿ ಮನೆ. ತಾರಸಿಗೆ ಹೋಗುವ ಮೆಟ್ಟಿಲು ಹಾಲಿನ ಒಳಗಿಂದ. ಮೇಲೆ ತಾರಸಿಗೆ ಒಂದು ಬಾಗಿಲು. ಅವನ ತಾಯಿ ಮುನಿಯಮ್ಮನ ರೂಮು ಪಡುವಲ ಕಡೆಗೆ. ಮಧ್ಯಾಹ್ನದ ಬಿಸಿಲೆಲ್ಲ ಆ ರೂಮಿನ ನೆತ್ತಿಗೇ ಹೊಡೆಯುತ್ತಿತ್ತು. ಮುದುಕಿಗೆ ಮೈಯೆಲ್ಲ ಬೆವರುಸಾಲೆ. ಅದಕ್ಕೇ ಶೀಟು ಹಾಕಿಸುತ್ತಿದ್ದದ್ದು.

ನಾವು ಬೆಳಿಗ್ಗೆ ಏಳೂವರೆಗೆ ಹೋಗಿ ಗೇಟಿನ ಹತ್ತಿರ ನಿಂತೆವು. ಅನಂತರಾಜು ಹಲ್ಲುಜ್ಜುತ್ತಾ ಬಂದ. ನಾನು ಅವನನ್ನು ಅವನು ಅಂತಲೇ ಬರೆಯುತ್ತೇನೆ. ಅಪ್ಪನಿಗಿಂತ ಹದಿನೈದು ವರ್ಷ ಚಿಕ್ಕವನು, ಮೊದಲನೇ ಮಾತಿಗೇ ಅಪ್ಪನನ್ನು ಲೇ ಅಂದ.

"ಯಾವೂರ್ಲಾ?"

"ಬೈರಾಪಟ್ಟಣ ಸ್ವಾಮಿ."

"ಊರೊಳ್ಗೋ, ಕಾಲೋನಿನೋ?"

ಎಷ್ಟು ಸಲೀಸಾಗಿ ಕೇಳುತ್ತಾರೆ ನೋಡಿ. ಟೀಗೆ ಸಕ್ಕರೆ ಹಾಕಬೇಕಾ ಬೇಡವಾ ಅಂತ ಕೇಳಿದ ಹಾಗೆ. ಅಪ್ಪ ತಲೆ ಮೇಲಿನ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಕಾಲೋನಿ ಸ್ವಾಮಿ."

ಅನಂತರಾಜು ಬಾಯಿ ಮುಕ್ಕಳಿಸಿ ಉಗಿದ. "ಹಿತ್ತಲ್ಗೆ ಬನ್ನಿ. ಮೆದೆ ಒಟ್ಟೋ ಏಣಿ ಐತೆ. ಗೋಡೆಗೆ ಆನಿಸ್ಕೊಂಡು ಹತ್ತಿ ಇಳೀರಿ. ಮನೆಯೊಳ್ಗೆ ದೇವ್ರೈತೆ."

ಆಫ್ತಾಬ್‌ನನ್ನು ಅವನು ಏನೂ ಕೇಳಲಿಲ್ಲ. ಹೆಸರು ಮೊದಲೇ ಫೋನಿನಲ್ಲಿ ಗೊತ್ತಾಗಿತ್ತು. "ನಂಗೆ ಒಳ್ಗೋ ಹೊರ್ಗೋ ಅಂತ ಕೇಳೋದೇ ಇಲ್ಲ ನೋಡು," ಅಂದ ಆಫ್ತಾಬ್ ಹಿತ್ತಲಿಗೆ ಹೋಗುತ್ತಾ. "ಅಷ್ಟು ಮರ್ಯಾದೆ."

ನಾನು ನಕ್ಕೆ. ಅಪ್ಪನೂ ನಕ್ಕ. ಅವತ್ತು ನಗದೆ ಬೇರೆ ಏನೂ ಮಾಡುವ ಹಾಗಿರಲಿಲ್ಲ. ವೆಲ್ಡಿಂಗ್ ಮಿಷನ್ನು, ಪೈಪು ಎಲ್ಲ ಟೆಂಪೋದಿಂದ ಇಳಿಸಿ ಆಗಿತ್ತು.

ಶೀಟು, ಪೈಪುಗಳನ್ನು ಹೊರಗಿನಿಂದ ಹಗ್ಗ ಕಟ್ಟಿ ಎಳೆಯುವುದು ಎಲ್ಲ ಕಡೆ ಇದ್ದದ್ದೇ. ಹದಿನಾರಡಿ ಉದ್ದದ ಶೀಟು ಮೆಟ್ಟಿಲಿನಲ್ಲಿ ತಿರುಗಲ್ಲ. ಆದರೆ ಮನುಷ್ಯರು ತಿರುಗುತ್ತಾರೆ. ಮನುಷ್ಯರು ಮೆಟ್ಟಿಲಿನಲ್ಲಿ ಬರುತ್ತಾರೆ. ನಮ್ಮನ್ನು ಅವನು ಶೀಟಿನ ಲೆಕ್ಕಕ್ಕೆ ಸೇರಿಸಿದ್ದ.

ಬಿದಿರಿನ ಹಳೇ ಏಣಿ. ಹಗ್ಗ ಸಡಿಲವಾಗಿತ್ತು. ಕಾಲಿಟ್ಟರೆ ಕಿರ್ ಅನ್ನುತ್ತಿತ್ತು. ನೀರು ಕುಡಿಯಲು ಇಳಿಯಬೇಕು. ಡ್ರಿಲ್ಲಿನ ಬಿಟ್ ಮುರಿದರೆ ಇಳಿಯಬೇಕು. ಅಳತೆ ಟೇಪು ಕೆಳಗೆ ಬಿದ್ದರೆ ಇಳಿಯಬೇಕು. ಹತ್ತಬೇಕು, ಮತ್ತೆ ಇಳಿಯಬೇಕು. ಮೂತ್ರಕ್ಕೆ ನಾನು ಏಣಿ ಇಳಿದು, ದನದ ಕೊಟ್ಟಿಗೆ ದಾಟಿ, ಹಿಪ್ಪುನೇರಳೆ ತೋಟದೊಳಕ್ಕೆ ಹೋಗಬೇಕಿತ್ತು. ಸೊಪ್ಪು ಕೊಯ್ದ ತೋಟ. ಗಿಡ ಮೊಣಕಾಲುದ್ದ. ಮರೆ ಅನ್ನುವುದು ಎಲ್ಲಿಂದ ಬರಬೇಕು. ಅದಕ್ಕೆ ನಾನು ನೀರು ಕುಡಿಯುವುದನ್ನೇ ಕಮ್ಮಿ ಮಾಡಿದೆ. ಏಪ್ರಿಲ್ ಬಿಸಿಲು, ಕಾದ ತಾರಸಿ, ಕೈಯಲ್ಲಿ ಕಬ್ಬಿಣ, ನೀರು ಕುಡಿಯಬಾರದು. ಎರಡನೇ ದಿನಕ್ಕೆ ಉರಿಮೂತ್ರ ಶುರುವಾಯಿತು.

ಮಧ್ಯಾಹ್ನ ಊಟ ಅವರದ್ದೇ. ಅನಂತರಾಜನ ಹೆಂಡತಿ ಪ್ರತಿಮಾ ಮುದ್ದೆ, ಸಾರು ತೆಗೆದುಕೊಂಡು ಒಳಮೆಟ್ಟಿಲು ಹತ್ತಿ ಬರುತ್ತಿದ್ದಳು. ತಾರಸಿ ಬಾಗಿಲು ಒಂದು ಗೇಣು ತೆಗೆದು ಪೇಪರ್ ಪ್ಲೇಟುಗಳನ್ನು ಹೊಸಲಿನ ಮೇಲಿಟ್ಟು ಮತ್ತೆ ಚಿಲಕ ಹಾಕಿಕೊಳ್ಳುತ್ತಿದ್ದಳು. ಪೇಪರ್ ಪ್ಲೇಟು ಬಂದ ಮೇಲೆ ಇಂಥವರಿಗೆ ಬಹಳ ಅನುಕೂಲವಾಗಿದೆ. ಮೊದಲಿನ ಹಾಗೆ ಬೇರೆ ತಟ್ಟೆ ಇಟ್ಟು ಸಿಕ್ಕಿಬೀಳುವ ತಾಪತ್ರಯ ಇಲ್ಲ.

"ನೋಡು ಚಾಚಾ," ಅಂದ ಆಫ್ತಾಬ್ ಮುದ್ದೆ ಮುರಿಯುತ್ತಾ. "ಮುದ್ದೆ ಮೆಟ್ಲತ್ಕೊಂಡು ಬತ್ತದೆ. ನಾವು ಏಣಿ ಹತ್ಕೊಂಡು ಬತ್ತೀವಿ. ಮುಂದಿನ ಜನ್ಮ ಅಂತಿದ್ರೆ ಮುದ್ದೆಯಾಗೇ ಹುಟ್ಟೋದು."

ಅಪ್ಪನಿಗೆ ನಕ್ಕು ನಕ್ಕು ಸಾರು ನೆತ್ತಿಗೆ ಹತ್ತಿತು.

ಬಾಗಿಲಿನ ಆಚೆ ಪ್ರತಿಮಾ ಇನ್ನೂ ನಿಂತಿದ್ದಳು ಅಂತ ಕಾಣುತ್ತೆ. ಅವಳೂ ನಕ್ಕಿದ್ದು ಕೇಳಿಸಿತು. ಎರಡನೇ ದಿನ ಬಾಗಿಲು ಒಂದು ಗೇಣಿನ ಬದಲು ಎರಡು ಗೇಣು ತೆಗೆಯಿತು. "ಉಪ್ಪು ಸಾಕಾ?" ಅಂತ ಕೇಳಿದಳು. ಮೂರನೇ ದಿನ ಅರ್ಧ ಬಾಗಿಲು ತೆಗೆದು ನನ್ನ ಕೈಯಲ್ಲಿದ್ದ ಡ್ರಿಲ್ಲನ್ನೇ ನೋಡಿದಳು.

"ಭಾರ ಐತಾ ಅದು?"

"ನಿಮ್ಮ ಮುದ್ದೆ ತಪ್ಪಲೆಗಿಂತ ಹಗೂರ ಅಕ್ಕ."

ಅಷ್ಟರಲ್ಲಿ ಕೆಳಗಿನಿಂದ ಗಂಡನ ದನಿ ಬಂತು. ಬಾಗಿಲು ಮುಚ್ಚಿಕೊಂಡಿತು.

ಮೂರನೇ ದಿನದ ಹೊತ್ತಿಗೆ ಕಂಬ, ಪೈಪು ಎಲ್ಲ ಮುಗಿದು ಅರ್ಧ ಮಾಡಿಗೆ ಶೀಟು ಹೊದಿಸಿದ್ದೆವು. ಮಳೆಗಾಳಿ ಪಡುವಲಿಂದ ಬೀಸುತ್ತೆ. ಅದಕ್ಕೆ ಶೀಟು ಮೂಡಲ ತುದಿಯಿಂದ ಶುರು ಮಾಡಬೇಕು. ಇಲ್ಲವಾದರೆ ಒಂದರ ಮೇಲೊಂದು ಕೂತ ಕಡೆ ನೀರು ನುಗ್ಗುತ್ತೆ. ಹಾಗಾಗಿ ಮೂಡಲ ಅರ್ಧಕ್ಕೆ ನೆರಳಾಗಿತ್ತು. ಪಡುವಲ ಅರ್ಧ, ಅಂದರೆ ಮುನಿಯಮ್ಮನ ರೂಮಿನ ಮೇಲಿನ ಭಾಗ, ಇನ್ನೂ ಬಟ್ಟ ಬಯಲು.

ಊಟ ಮುಗಿದಿತ್ತು. ಸ್ಕ್ರೂ ಡಬ್ಬ ಖಾಲಿಯಾಗಿತ್ತು. "ನಾನೋಗ್ತೀನಿ," ಅಂದೆ. "ನೀನು ಕೂತ್ಕೊ ಮಗಾ, ಬೆಳಿಗ್ಗೆಯಿಂದ ಹೊಟ್ಟೆ ಹಿಡ್ಕೊಂಡಿದೀಯ," ಅಂತ ಅಪ್ಪನೇ ಇಳಿದ. ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಹತ್ತುತ್ತಿದ್ದ. ಮೇಲಿನಿಂದ ಮೂರನೇ ಮೆಟ್ಟು. ಏಣಿಯ ಹಗ್ಗ ಹರಿಯಿತು. ಬಿದಿರು ಹೊರಳಿತು.

ಅಪ್ಪನ ಎಡಗೈ ಪ್ಯಾರಾಪೆಟ್ಟಿನ ಅಂಚಿಗೆ ಸಿಕ್ಕಿತು. ಆ ಒಂದು ಕೈಯಲ್ಲಿ ಇಡೀ ಮೈ ನೇತಾಡಿತು. ಆಫ್ತಾಬ್ ಹಾರಿ ಹೋಗಿ ಅಂಗಿ ಹಿಡಿದ. ನಾನು ತೋಳು ಹಿಡಿದೆ. ಇಬ್ಬರೂ ಸೇರಿ ಮೂಟೆ ಎಳೆದ ಹಾಗೆ ಒಳಕ್ಕೆ ಎಳೆದುಕೊಂಡೆವು. ಸ್ಕ್ರೂಗಳು ಹಿತ್ತಲೆಲ್ಲ ಚೆಲ್ಲಿದವು. ಅಪ್ಪನ ಮೊಣಕಾಲು ತರಚಿತ್ತು. ಎಡಗೈ ಮಣಿಕಟ್ಟು ನೋಡನೋಡುತ್ತಾ ಬದನೆಕಾಯಿಯಷ್ಟು ಊದಿತು. ನೆರಳಿಗೆ ಕರೆದುಕೊಂಡು ಬಂದು ಕೂರಿಸಿದೆವು. ಅವನ ತುಟಿ ಬೆಳ್ಳಗಾಗಿತ್ತು.

ನಾನು ತಾರಸಿ ಬಾಗಿಲು ಬಡಿದೆ. ಪ್ರತಿಮಾ ತೆಗೆದಳು. ಅಪ್ಪನ ಕೈ ನೋಡಿದವಳೇ ಕೆಳಗೆ ತಿರುಗಿ, "ಏನ್ರೀ, ಬನ್ನಿ ಇಲ್ಲಿ. ಆ ಯಜಮಾನ್ರಿಗೆ ಏಟಾಗೈತೆ," ಅಂತ ಕೂಗಿದಳು.

ಅನಂತರಾಜು ಮೆಟ್ಟಿಲ ಮೇಲೆ ಅರ್ಧಕ್ಕೆ ಬಂದು ನಿಂತ. ಅಲ್ಲಿಂದಲೇ ನೋಡಿದ. ಅವನು ಕೆಟ್ಟ ದನಿಯಲ್ಲೇನೂ ಮಾತಾಡಲಿಲ್ಲ. ಅದನ್ನು ಹೇಳಬೇಕು. ಬಹಳ ಸಮಾಧಾನವಾಗಿ ಹೇಳಿದ.

"ಆಸ್ಪತ್ರೆಗೆ ಕರ್ಕೊಂಡೋಗಿ. ನನ್ ಆಟೋದವನ್ಗೆ ಫೋನ್ ಮಾಡ್ತೀನಿ."

"ಆಯ್ತು," ಅಂದೆ. "ಒಸಿ ಜಾಗ ಬಿಡಿ, ಇಳಿಸ್ತೀವಿ."

"ಇಲ್ಲಿಂದ ಬ್ಯಾಡ. ಏಣಿ ಐತಲ್ಲ."

"ಏಣೀಲಿ ಒಂದು ಕೈಯಲ್ಲಿ ಹೆಂಗೆ ಇಳೀತಾನೆ?"

ಅವನು ಒಂದು ಗಳಿಗೆ ಯೋಚಿಸಿದ. "ಶೀಟ್ ಎಳ್ದ ಹಗ್ಗ ಐತಲ್ಲಮ್ಮಿ. ಸೊಂಟಕ್ಕೆ ಬಿಗಿಯಾಗಿ ಕಟ್ಟಿ ನಿಧಾನಕ್ಕೆ ಇಳಿಸಿ. ಕೆಳ್ಗೆ ನಾನ್ ಬೇಕಾದ್ರೆ ಯಾರಾದ್ರೂ ಇಬ್ರುನ ನಿಲ್ಲುಸ್ತೀನಿ."

ಅಪ್ಪ ಅಂದ, "ಆಯ್ತು ಸ್ವಾಮಿ."

ಅಂದು ಬಲಗೈ ಚಾಚಿ ಹಗ್ಗ ತೆಗೆದುಕೊಂಡ. ಸೊಂಟಕ್ಕೆ ಸುತ್ತಿಕೊಳ್ಳಲು ಶುರು ಮಾಡಿದ. ಒಂದು ಕೈಯಲ್ಲಿ ಗಂಟು ಬರುತ್ತಿರಲಿಲ್ಲ. ಹಲ್ಲಲ್ಲಿ ಕಚ್ಚಿಕೊಂಡು ಎಳೆದ.

ನನಗೆ ಸಿಟ್ಟು ಬಂದದ್ದು ಅನಂತರಾಜನ ಮಾತಿಗಲ್ಲ. ಅಪ್ಪ ಹಗ್ಗವನ್ನು ಹಲ್ಲಲ್ಲಿ ಕಚ್ಚಿದ್ದಕ್ಕೆ. ಇದೇ ಮನುಷ್ಯ ಅರವತ್ತಡಿ ಗೋಡೌನಿನ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದ. ಕಣ್ಣಳತೆಯಲ್ಲೇ ಮಾಡಿನ ಇಳಿಜಾರು ಹೇಳುತ್ತಿದ್ದ. ಈಗ ತನ್ನನ್ನು ತಾನೇ ಸಾಮಾನಿನ ಹಾಗೆ ಕಟ್ಟಿಕೊಳ್ಳುತ್ತಿದ್ದ.

"ಅಪ್ಪ, ಹಗ್ಗ ಬುಡು."

"ಸುಮ್ಕಿರು ಮಗಾ. ಐದ್ನಿಮಿಸದ್ ಕೆಲ್ಸ."

"ಬುಡು ಅಂದ್ನಲ್ಲ."

ನಾನು ಗಂಟು ಬಿಚ್ಚಿದೆ. ಹಗ್ಗ ತೆಗೆದು ಹಿತ್ತಲಿಗೆ ಎಸೆದೆ. ಆಮೇಲೆ ಗೋಡೆ ಹತ್ತಿರ ಹೋಗಿ, ಓರೆಯಾಗಿ ನಿಂತಿದ್ದ ಏಣಿಯ ತಲೆ ಹಿಡಿದು ಮೇಲಕ್ಕೆ ಎಳೆಯತೊಡಗಿದೆ. ಆಫ್ತಾಬ್ ಯಾಕೆ ಏನು ಅಂತ ಕೇಳಲಿಲ್ಲ. ಬಂದು ಇನ್ನೊಂದು ಕಡೆ ಹಿಡಿದ. ಇಡೀ ಏಣಿ ಪ್ಯಾರಾಪೆಟ್ಟಿನ ಮೇಲೆ ಬಂದು ತಾರಸಿಯಲ್ಲಿ ಉದ್ದಕ್ಕೆ ಮಲಗಿತು.

"ಈಗ ಏಣಿ ಇಲ್ಲ," ಅಂದೆ. "ಹಗ್ಗನೂ ಇಲ್ಲ. ಇಳಿದ್ರೆ ಮೆಟ್ಲಲ್ಲೇ ಇಳಿಯೋದು. ಮೂರು ಜನಾನೂ."

ಅನಂತರಾಜನ ಮುಖ ಕೆಂಪಾಯಿತು. "ಏನಮ್ಮಿ, ಕೇಸ್ ಹಾಕ್ತೀಯ? ಅಟ್ರಾಸಿಟಿ ಅಂತೀಯ?"

"ಕೇಸಿನ ಮಾತು ನಾನಾಡ್ಲಿಲ್ಲ. ನೀವೇ ಆಡಿದ್ರಿ. ನಾನು ಮೆಟ್ಲಿನ ಮಾತಾಡ್ತಿದೀನಿ."

"ಹಂಗಾದ್ರೆ ಅಲ್ಲೇ ಇರಿ. ಕೆಲ್ಸಕ್ಕೆ ಬೇರೆಯವ್ರನ್ನ ಕರೆಸ್ತೀನಿ," ಅಂದ. ಪ್ರತಿಮಾಳ ಕೈ ಹಿಡಿದು ಒಳಕ್ಕೆ ಎಳೆದುಕೊಂಡು ಚಿಲಕ ಜಡಿದ.

ಅವನು ಅಂಗಳದಲ್ಲಿ ನಿಂತು ಫೋನು ಮಾಡುವುದು ಮೇಲಿನಿಂದ ಚೆನ್ನಾಗಿ ಕೇಳಿಸುತ್ತಿತ್ತು. ಮೊದಲು ಚನ್ನಪಟ್ಟಣದ ಶೀಟಿನ ಅಂಗಡಿಗೆ ಮಾಡಿದ. ಅಂಗಡಿಯವನು ಕೊಟ್ಟ ನಂಬರಿಗೆ ಮಾಡಿದ. ಅದು ಬಾಲರಾಜು. ಅಪ್ಪನ ಹತ್ತಿರ ಆರು ವರ್ಷ ಕೆಲಸ ಕಲಿತವನು. ಯಾರು ಬಿಟ್ಟು ಹೋದ ಕೆಲಸ ಅಂತ ಬಾಲರಾಜು ಕೇಳಿರಬೇಕು. ಇವನು ಕೆಂಪಯ್ಯ ಅಂದ. ಫೋನು ಅಲ್ಲಿಗೇ ಕಟ್ಟಾಯಿತು. ಎರಡು ನಿಮಿಷಕ್ಕೆ ಅಪ್ಪನ ಫೋನು ರಿಂಗಾಯಿತು.

"ಅಣ್ಣೋ, ಏನಾಯ್ತು?" ಅಂದ ಬಾಲರಾಜು. ನಾನು ಹೇಳಿದೆ. "ಸರಿ, ನಮ್ ಗ್ರೂಪ್ನಲ್ಲಿ ಹಾಕ್ತೀನಿ," ಅಂದ. ಮಾಗಡಿಯಿಂದ ಕನಕಪುರದವರೆಗೆ ಶೀಟ್ ಹೊಡೆಯುವವರೆಲ್ಲ ಇರುವ ವಾಟ್ಸಾಪ್ ಗ್ರೂಪು ಅದು. ಅರ್ಧ ಜನ ಅಪ್ಪನ ಶಿಷ್ಯರು. ಮಿಕ್ಕರ್ಧ ಆ ಶಿಷ್ಯರ ಶಿಷ್ಯರು. ಅನಂತರಾಜು ಆಮೇಲೆ ಇನ್ನೂ ನಾಲ್ಕು ಫೋನು ಮಾಡಿದ. ಒಬ್ಬನೂ ಬರುತ್ತೇನೆ ಅನ್ನಲಿಲ್ಲ.

ಎರಡೂವರೆಗೆ ಕರೆಂಟು ಹೋಯಿತು.

ನಾವು ನೆರಳಲ್ಲಿದ್ದೆವು. ನಾವೇ ಹೊಡೆದ ಶೀಟಿನ ನೆರಳು. ಬಯಲ ಕಡೆಯಿಂದ ಗಾಳಿ ಬಂದು ಶೀಟಿನ ಕೆಳಗೆ ನುಗ್ಗಿ ಆಚೆ ಹೋಗುತ್ತಿತ್ತು. ನಿಜ ಹೇಳುತ್ತೇನೆ, ನಾಲ್ಕು ವರ್ಷದಲ್ಲಿ ನಾನು ಯಾವತ್ತೂ ನಾನು ಹಾಕಿದ ಮಾಡಿನ ಕೆಳಗೆ ಸುಮ್ಮನೆ ಕೂತಿರಲಿಲ್ಲ. ಕೆಲಸ ಮುಗಿದ ತಕ್ಷಣ ಏಳು ಅನ್ನುತ್ತಿದ್ದರು. ಎಷ್ಟು ಹಿತವಾಗಿರುತ್ತೆ ಅಂತ ಅವತ್ತೇ ಗೊತ್ತಾದದ್ದು. ನನ್ನ ವೇಲು ಹರಿದು ಅಪ್ಪನ ಕೈಗೆ ಪಟ್ಟಿ ಕಟ್ಟಿದೆ. ಆಫ್ತಾಬ್ ಸೀಮೆಸುಣ್ಣದಲ್ಲಿ ನೆಲದ ಮೇಲೆ ಚೌಕಾಬಾರದ ಮನೆ ಬರೆದ. ಸೊಟ್ಟಗಾದ ಸ್ಕ್ರೂ, ವಾಷರು, ಮುರಿದ ಬಿಟ್ಟುಗಳೇ ಕಾಯಿ. ಅಪ್ಪ ಮೊದಲು ಬೇಡ ಅಂದ. ಹತ್ತು ನಿಮಿಷಕ್ಕೆ ಬಲಗೈಯಲ್ಲಿ ಆಡುತ್ತಾ ಆಫ್ತಾಬ್‌ನ ಎರಡು ಕಾಯಿ ಕಡಿದಿದ್ದ.

"ಚಾಚಾ, ಕೈ ಮುರ್ದಿರೋರು ಇಷ್ಟು ಆಡಬಾರದು," ಅಂದ ಆಫ್ತಾಬ್.

"ಎಡಗೈ ಕಣ್ಲಾ ಮುರ್ದಿರೋದು," ಅಂದ ಅಪ್ಪ. ಅವನ ತುಟಿಗೆ ಬಣ್ಣ ವಾಪಸ್ ಬಂದಿತ್ತು.

ಕೆಳಗೆ ಫ್ಯಾನು ನಿಂತಿತ್ತು. ಮುನಿಯಮ್ಮ ನರಳುವುದು ಕೇಳಿಸುತ್ತಿತ್ತು. "ಅಯ್ಯೋ ಸುಡ್ತದೆ ಕಣ್ಲಾ, ಏನಾರ ಮಾಡ್ಲಾ," ಅನ್ನುತ್ತಿದ್ದಳು. ಮಗ, "ಇರವ್ವ, ಕರೆಂಟ್ ಬತ್ತದೆ," ಅನ್ನುತ್ತಿದ್ದ. ಕರೆಂಟು ಬರಲಿಲ್ಲ. ಮೂರು ಗಂಟೆಗೆ ತಾರಸಿ ಬಾಗಿಲಿನ ಚಿಲಕ ಸದ್ದಾಯಿತು. ಮುನಿಯಮ್ಮ ನಿಂತಿದ್ದಳು. ಗೋಡೆ ಹಿಡಿದುಕೊಂಡು ಒಬ್ಬಳೇ ಹತ್ತಿ ಬಂದಿದ್ದಳು. ಬೆವರಿನಲ್ಲಿ ಸೀರೆ ಮೈಗೆ ಅಂಟಿತ್ತು.

ಯಾರನ್ನೂ ನೋಡದೆ ಚಪ್ಪಲಿ ಎಳೆಯುತ್ತಾ ನೆರಳಿಗೆ ಬಂದಳು. ನಮ್ಮಿಂದ ಮೂರು ಮಾರು ದೂರಕ್ಕೆ ಕೂತಳು. ಕಣ್ಣು ಮುಚ್ಚಿ ಗಾಳಿಗೆ ಮುಖ ಕೊಟ್ಟಳು.

"ಇಲ್ ಗಾಳಿ ಐತೆ," ಅಂದಳು. ನಮಗಲ್ಲ, ತನಗೇ.

ಆದರೆ ಸೂರ್ಯ ಸುಮ್ಮನಿರುವವನಲ್ಲ. ಅವನು ಪಡುವಲಿಗೆ ವಾಲಿದ ಹಾಗೆ ಬಿಸಿಲು ಶೀಟಿನ ಕೆಳಗೆ ಓರೆಯಾಗಿ ನುಗ್ಗತೊಡಗಿತು. ನೆರಳು ಮೂಡಲ ಗೋಡೆ ಕಡೆಗೆ ಸರಿಯಿತು. ಅಗಲವಾಗಿದ್ದದ್ದು ಕಿರಿದಾಯಿತು. ಮುನಿಯಮ್ಮ ಕೂತ ಕಡೆಗೆ ಬಿಸಿಲು ಬಂತು. ಅವಳು ಒಂದು ಮಾರು ಸರಿದಳು. ಇನ್ನೂ ಸ್ವಲ್ಪ ಹೊತ್ತಿಗೆ ಇನ್ನೊಂದು ಮಾರು. ಮೂರೂವರೆ ಹೊತ್ತಿಗೆ ನಮ್ಮ ಚೌಕಾಬಾರದ ಪಕ್ಕಕ್ಕೇ ಬಂದು ಕೂತಿದ್ದಳು.

"ಒಸಿ ಜರುಗಮ್ಮಿ," ಅಂದಳು ನನಗೆ.

ಜರುಗಿದೆ. ನನ್ನ ಮೊಣಕೈ ಅವಳ ಮೊಣಕೈಗೆ ತಾಗಿತು. ಅವಳು ಎಳೆದುಕೊಳ್ಳಲು ಆಚೆ ಬಿಸಿಲಿತ್ತು. ಹಾಗೇ ಬಿಟ್ಟಳು.

ತಾಯಿಯನ್ನು ಹುಡುಕಿಕೊಂಡು ಅನಂತರಾಜು ಬಂದ. ಬರಿಗಾಲಲ್ಲಿ ಬಾಗಿಲು ದಾಟಿ ತಾರಸಿಗೆ ಕಾಲಿಟ್ಟ. ಬಾಗಿಲು ಇದ್ದದ್ದು ಪಡುವಲ ಅರ್ಧದಲ್ಲಿ, ಬಿಸಿಲಲ್ಲಿ. ಅಂಗಾಲು ಚುರ್ ಅಂದಿರಬೇಕು. ಕುಣಿದುಕೊಂಡು ಹಾರಿಹಾರಿ ಬಂದು ನೆರಳಿಗೆ ಬಿದ್ದ. ಆಫ್ತಾಬ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನಾನು ಇಟ್ಟುಕೊಳ್ಳಲಿಲ್ಲ, ನಕ್ಕುಬಿಟ್ಟೆ. ಮೂರು ದಿನದಿಂದ ನಾವು ಆ ನೆಲದ ಮೇಲೇ ನಿಂತು ಅವನಿಗೆ ಮಾಡು ಮಾಡುತ್ತಿದ್ದೆವು.

ಅವನ ಹಿಂದೆಯೇ ಪ್ರತಿಮಾ ಒಂದು ಬಿಂದಿಗೆ ನೀರು, ಸ್ಟೀಲ್ ಲೋಟ ತಂದಳು. ಅವಳು ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಜಾಣೆ. ಮೊದಲ ಲೋಟ ಅಪ್ಪನಿಗೆ ಕೊಟ್ಟಳು. ಗಂಡ ನೋಡಿದ. ಅವಳು ಅವನ ಕಡೆ ತಿರುಗಲಿಲ್ಲ. ಅದೇ ಲೋಟದಲ್ಲಿ ನಾನು ಕುಡಿದೆ, ಹೊಟ್ಟೆ ತುಂಬ.

"ಅವ್ವ, ಏಳು ಕೆಳಕ್ಕೆ," ಅಂದ ಅನಂತರಾಜು.

"ಕೆಳ್ಗೆ ಬೆಂಕಿ ಬಿದ್ದೈತೆ. ನಾನೇಳಕ್ಕಿಲ್ಲ," ಅಂದಳು ಮುನಿಯಮ್ಮ. ಆಮೇಲೆ ಅಪ್ಪನ ಕೈ ನೋಡಿದಳು. "ಇದೇನ್ಲಾ ಇಷ್ಟು ಊದೈತೆ? ಮೂಳೆ ಬಿರುಕು ಬುಟ್ಟೈತೆ ಇದು. ಯಾಕಿಂಗ್ ಕೂರ್ಸಿದೀಯ ಈವಯ್ಯನ್ನ? ಇಳ್ಸು."

"ಏಣಿ ಎಳ್ಕೊಂಡವ್ರೆ ಕಣವ್ವ. ಒಳ್ಗಿಂದ್ಲೇ ಇಳೀಬೇಕಂತೆ."

ಮುದುಕಿ ನನ್ನ ಕಡೆ ತಿರುಗಿದಳು. "ಒಳ್ಗಡೆ ದೇವ್ರೈತೆ ಕಣಮ್ಮಿ."

"ಎಲ್ಲೈತಜ್ಜಿ ನಿಮ್ ದೇವ್ರಮನೆ?"

"ಈಶಾನ್ಯದಾಗೆ."

ನಾನು ಆಕಾಶ ನೋಡಿ ದಿಕ್ಕು ಹಿಡಿದೆ. ಬಡಗಲು ಇತ್ತ, ಮೂಡಲು ಅತ್ತ. ಆ ಮೂಲೆಯಲ್ಲೇ ಅಪ್ಪ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ.

"ಅಜ್ಜಿ, ಅಪ್ಪ ಕೂತಿರೋದು ನಿಮ್ ದೇವ್ರ ನೆತ್ತಿ ಮೇಲೆ. ಮೂರ್ ದಿನದಿಂದ ಅಲ್ಲೇ ಕೂತು ಉಂಡಿದೀವಿ, ಬೀಡಿ ಸೇದಿದೀವಿ. ಆ ಕಂಬ ಅವ್ರ ತಲೆ ಮೇಲೇ ಡ್ರಿಲ್ ಹೊಡೆದು ನಿಲ್ಸಿರೋದು. ನಿಮ್ ದೇವ್ರು ಇಲ್ಲಿಗಂಟ ಒಂದ್ ಮಾತೂ ಅಂದಿಲ್ಲ. ನಿಮ್ ಮಗನೇ ಅಂತಿರೋದು."

ಮುನಿಯಮ್ಮ ಅಪ್ಪ ಕೂತ ಜಾಗ ನೋಡಿದಳು. ಮೇಲೆ ಶೀಟು ನೋಡಿದಳು. ತನ್ನ ರೂಮಿನ ಮೇಲಿನ ಬಯಲು, ಅಲ್ಲಿ ಉರಿಯುತ್ತಿದ್ದ ಬಿಸಿಲು ನೋಡಿದಳು.

"ಮಿಕ್ಕಿದ್ದು ಯಾವಾಗ ಹಾಕ್ತೀರಿ?" ಅಂದಳು.

"ಅಪ್ಪ ಮೆಟ್ಲಲ್ಲಿ ಇಳಿದ್ ಮೇಲೆ."

ಅವಳು ಮಗನ ಕಡೆ ನೋಡದೆ ಹೇಳಿದಳು. "ಇಳ್ಸಲಾ. ನನ್ ಮೈಯೆಲ್ಲ ಬೆಂದೋಗೈತೆ. ಯಾವ್ ಕಡೆಯಿಂದ ಇಳಿದ್ರೇನು."

ಅವಳ ಮನಸ್ಸು ತಿರುಗಿತು ಅಂತ ನಾನು ಹೇಳಲ್ಲ. ಅವಳಿಗೆ ಸೆಕೆಯಾಗಿತ್ತು. ನನಗೆ ಅಷ್ಟು ಸಾಕಿತ್ತು.

ಅನಂತರಾಜು ಪ್ಯಾರಾಪೆಟ್ಟಿನ ಆಚೆ ತೋಟ ನೋಡುತ್ತಾ ನಿಂತ. ಕೊನೆಗೆ, "ಇಳೀರಿ," ಅಂದ. "ಪ್ರತಿಮಾ, ಇವ್ರು ಹೋದ್ಮೇಲೆ ಮೆಟ್ಲು, ಹಾಲು ಎಲ್ಲ ನೀರಾಕಿ ತೊಳ್ದು ಗಂಜ್ಲ ಹಾಕ್ಬುಡು."

ಪ್ರತಿಮಾ ಬಿಂದಿಗೆ ಕಂಕುಳಿಗೆ ಏರಿಸಿಕೊಂಡಳು. "ನಾನ್ ತೊಳೆಯಕ್ಕಿಲ್ಲ," ಅಂದಳು.

"ಏನಂದೆ?"

"ಬೆಳಿಗ್ಗೆ ಒಂದ್ಸಲ ಸಾರ್ಸಿ ಒರ್ಸಿದೀನಿ. ಕೊಳೆ ಏನಾಗೈತೆ ಅಂತ ತೊಳೀಲಿ? ಬೇಕಾದ್ರೆ ನೀವೇ ತೊಳ್ಕಳಿ. ಹದಿನೆಂಟು ಮೆಟ್ಲೈತೆ. ಬಗ್ಗಿ ಬಗ್ಗಿ ತೊಳೀಬೇಕು, ನಿಂತ್ಕೊಂಡ್ ಆಗಕ್ಕಿಲ್ಲ." ಅಷ್ಟು ಹೇಳಿ ಬಾಗಿಲನ್ನು ಗೋಡೆಗೆ ತಾಗುವ ತನಕ ತೆಗೆದು ನಿಂತಳು.

ಇಳಿದೆವು. ಮುಂದೆ ಆಫ್ತಾಬ್, ನಡುವೆ ಅಪ್ಪ, ಹಿಂದೆ ನಾನು. ಹೊರಗಿನ ಬೆಳಕಿನಿಂದ ಬಂದವರಿಗೆ ಒಳಗೆ ಕತ್ತಲೆ ಅನಿಸಿತು. ಮೆಟ್ಟಿಲಿಗೆ ಗ್ರಾನೈಟ್ ಹಾಸಿದ್ದರು. ಮೂರು ದಿನ ಕಾದ ಕಾಂಕ್ರೀಟು, ಕಾದ ಬಿದಿರು ತುಳಿದ ಕಾಲಿಗೆ ಆ ಕಲ್ಲು ತಣ್ಣಗೆ ತಾಗಿತು. ಅರ್ಧ ದಾರಿಗೆ ಅಪ್ಪ ಮೆಟ್ಟಿಲ ಮೇಲೇ ಕೂತುಬಿಟ್ಟ. ಮೇಲೆ ಅನಂತರಾಜು ನಿಂತಿದ್ದ. ಅಪ್ಪ ಹೆದರಿ ಏಳುತ್ತಾನೆ ಅಂದುಕೊಂಡೆ. ಅವನು ಏಳಲಿಲ್ಲ. ಬಲಗೈಯನ್ನು ಕಲ್ಲಿನ ಮೇಲೆ ಆಡಿಸಿದ.

"ಇದು ಕನಕಪುರದ ಕಲ್ಲು ಕಣ್ ಮಗಾ," ಅಂದ. "ಮದ್ವೆಗೆ ಮುಂಚೆ ಕ್ವಾರೀಲಿ ಇಂಥವ ಎಷ್ಟ್ ಒಡ್ದಿದೀನಿ. ಪಾಲಿಶ್ ಆದ್ ಮೇಲೆ ಹೆಂಗಿರ್ತದೆ ಅಂತ ನೋಡಿರ್ಲಿಲ್ಲ."

ಒಂದೆರಡು ನಿಮಿಷ ಕೂತಿದ್ದ. ಯಾರೂ ಅವಸರ ಮಾಡಲಿಲ್ಲ. ಆಮೇಲೆ ಎದ್ದು ಇಳಿದ. ಹಾಲಿನಲ್ಲಿ ದೇವರ ಮನೆ ಬಾಗಿಲು ತೆಗೆದೇ ಇತ್ತು. ನಾನು ನಿಂತು ನೋಡಿದೆ. ಎರಡು ಫೋಟೊ, ಒಂದು ದೀಪ, ಮೂಲೆಯಲ್ಲಿ ಅರ್ಧ ಚೀಲ ಈರುಳ್ಳಿ. ಇಷ್ಟಕ್ಕೆ ಮೂರು ದಿನ ಏಣಿ ಹತ್ತಿಸಿದರಲ್ಲ ಅನಿಸಿತು. ಮುಂಬಾಗಿಲಿನಿಂದ ಹೊರಗೆ ಬಂದು ಆಟೋ ಹತ್ತಿದೆವು. ಮಾಗಡಿ ಆಸ್ಪತ್ರೆಯಲ್ಲಿ ಅಪ್ಪನ ಕೈಗೆ ಪ್ಲಾಸ್ಟರ್ ಪಟ್ಟಿ ಹಾಕಿದರು. ಮೂಳೆ ಬಿರುಕೇ. ಮುದುಕಿ ಸರಿಯಾಗಿ ಹೇಳಿದ್ದಳು.

ಮಾರನೇ ಬೆಳಿಗ್ಗೆ ಅನಂತರಾಜು ನನಗೆ ಫೋನು ಮಾಡಿದ.

"ಕೆಲ್ಸ ಮುಗಿಸ್ಕೊಡ್ರಮ್ಮ. ಅವ್ವ ಪ್ರಾಣ ತಿಂತಾವ್ಳೆ."

ಮುಗಿಸ್ಕೊಡ್ರಮ್ಮ. ಅಮ್ಮಿ ಹೋಗಿ ಬಹುವಚನ ಬಂದಿತ್ತು.

"ಮುಂಬಾಗ್ಲು?" ಅಂದೆ.

ಆ ಕಡೆ ಹುಂಜ ಕೂಗುವುದು ಕೇಳಿಸಿತು.

"ತೆಗ್ದಿರ್ತದೆ," ಅಂದ.

ಹೋದೆವು. ಮುಂಬಾಗಿಲಿನಿಂದಲೇ ಹೋದೆವು. ಅಪ್ಪನಿಗೆ ಮನೆಯಲ್ಲಿರು ಅಂದರೂ ಕೇಳಲಿಲ್ಲ. ಕೈಗೆ ಜೋಲಿ ಕಟ್ಟಿಕೊಂಡು ಬಂದು ತಾರಸಿಯ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ. ಕುರ್ಚಿ ತಂದು ಕೊಟ್ಟವಳು ಪ್ರತಿಮಾ. ಅಲ್ಲಿಂದಲೇ, "ಆ ಸ್ಕ್ರೂ ಸೊಟ್ಟಗೈತೆ, ವಾಷರ್ ಕೂತಿಲ್ಲ," ಅಂತ ನಮ್ಮ ಪ್ರಾಣ ತೆಗೆದ. ನಾನು ಬೇಕಾದಷ್ಟು ನೀರು ಕುಡಿದೆ. ಹಾಲು ದಾಟಿ ಅವರ ಬಾತ್‌ರೂಮಿಗೆ ಹೋಗಿ ಬಂದೆ. ಯಾರನ್ನೂ ಕೇಳಲಿಲ್ಲ.

ದೇವರ ಮನೆಗೆ ರಾತ್ರೋರಾತ್ರಿ ದಪ್ಪನೆಯ ಕರ್ಟನ್ ಬಂದಿತ್ತು. ಅನಂತರಾಜು ಬದಲಾದ ಅಂತ ಕತೆ ಕಟ್ಟುವವಳಲ್ಲ ನಾನು. ಕರ್ಟನ್ ಹಾಕಿಕೊಳ್ಳಲಿ. ದೇವರಿಗೆ ಸೆಕೆ, ಅಷ್ಟೆ.

ಸಂಜೆಗೆ ಕೊನೇ ಶೀಟು ಕೂತಿತು. ಮುನಿಯಮ್ಮ ರೂಮಿನಲ್ಲಿ ಮಲಗಿ ಗೋಡೆಗೆ ಕೈ ಇಟ್ಟು ನೋಡಿಕೊಂಡಳಂತೆ. ನಾವು ಹೊರಡುವಾಗ ಕಿಟಕಿಯಿಂದ, "ತಣ್ಣಗಾಯ್ತಾ ಬತ್ತೈತೆ ಕಣಮ್ಮಿ," ಅಂದಳು. ಅಂಗಳದಲ್ಲಿ ಅನಂತರಾಜು ನಿಂತಿದ್ದ. ಅಪ್ಪ ಅವನ ಮುಂದೆ ನಿಂತ. ಟವೆಲ್ಲು ತಲೆಯ ಮೇಲೇ ಇತ್ತು.

"ಅನಂತರಾಜೋರೆ," ಅಂದ ಅಪ್ಪ. "ಮಳೆಗಾಲಕ್ಕೆ ಮುಂಚೆ ಒಂದ್ಸಲ ಗಟರ್ ಗುಡಿಸ್ಕಳಿ. ಎಲೆ ಕಟ್ಕೊಂಡ್ರೆ ನೀರು ಒಳಕ್ ನುಗ್ತದೆ."

ಅಪ್ಪನ ಬಾಯಿಂದ ಸ್ವಾಮಿ ಅನ್ನುವುದು ಬರಲಿಲ್ಲ. ಅದು ಮರೆತು ಹೋದದ್ದಲ್ಲ. ನಾನು ಅವನ ಮುಖ ನೋಡಿದೆ. ಬೇಕಂತಲೇ ಬಿಟ್ಟಿದ್ದ.

ಬಾಲರಾಜು ಗ್ರೂಪಿನಲ್ಲಿ ಹಾಕಿದ ಮೆಸೇಜು ಒಂದು ವಾರ ಓಡಾಡಿತು. ಮೆಟ್ಟಿಲು ಇರುವ ಮನೆಯಲ್ಲಿ ನಮ್ಮವರು ಯಾರೂ ಏಣಿ ಹತ್ತಬಾರದು ಅಂತ ಎಲ್ಲರೂ ಸೇರಿ ಮಾತು ಮಾಡಿಕೊಂಡರು. ಒಂದಿಬ್ಬರು, ಕೆಲಸ ಕೈ ತಪ್ಪುತ್ತೆ ಅಂದರು. ಆಫ್ತಾಬ್ ಒಂದು ವಾಯ್ಸ್ ಮೆಸೇಜ್ ಹಾಕಿದ. "ಬಿಸ್ಲು ನಮ್ ಕಡೆ ಐತೆ ಕಣ್ರಪ್ಪ. ಹೆದರ್ಕೋಬೇಡಿ."

ಮೇ ಮೊದಲ ವಾರ ಕನಕಪುರ ರಸ್ತೆಯಲ್ಲಿ ಒಂದು ದೊಡ್ಡ ಮನೆಯ ಕೆಲಸ ಸಿಕ್ಕಿತು. ನಾವು ಗೇಟಿನೊಳಗೆ ಹೋದಾಗ ಯಜಮಾನರು ಪೇಪರ್ ಓದುತ್ತಾ ಕೂತಿದ್ದರು. ತಲೆಯೆತ್ತಿ ನಮ್ಮ ಮೂವರನ್ನೂ ಮೇಲಿಂದ ಕೆಳಗೆ ನೋಡಿದರು. ಏನೋ ಕೇಳಲು ಬಾಯಿ ತೆರೆದರು. ನಾನು ಉತ್ತರಕ್ಕೆ ಸಿದ್ಧವಾದೆ.

ನನಗೆ ಅವಕಾಶವೇ ಸಿಗಲಿಲ್ಲ. ಜೋಲಿ ಕಟ್ಟಿದ ಕೈಯ ಅಪ್ಪ ನನಗಿಂತ ಮುಂದೆ ಹೋಗಿ ನಿಂತಿದ್ದ.

"ಮೆಟ್ಲು ಯಾವ್ ಕಡೆಗೈತೆ?" ಅಂದ.

ಅವರು ಗೊಂದಲದಲ್ಲಿ ಮನೆಯೊಳಗೆ ಕೈ ತೋರಿಸಿದರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ನಡೆದ. ನಾನು ಡ್ರಿಲ್ಲು ಹೆಗಲಿಗೆ ಹಾಕಿಕೊಂಡು ಅವನ ಹಿಂದೆ ಹೋದೆ.